ಸಂಶಯದ ಲಾಭ

ದಾವಣಗೆರೆ ಜಿಲ್ಲೆಯ ಚನ್ನಗಿರಿ ಸೀಮೆ ಅಡಕೆಗೆ ಹೆಸರಾದದ್ದು. ಕೊಯ್ಲಿನ ಕಾಲದಲ್ಲಿ ಅಲ್ಲಿನ ಹಳ್ಳಿಗಳ ಕಣಗಳಲ್ಲಿ ಬೇಯಿಸಿದ ಕೆಂಪಡಕೆ ಬಿಸಿಲಿಗೆ ಹರಡಿರುತ್ತದೆ. ವರ್ಷವೆಲ್ಲ ತೋಟಕ್ಕೆ ನೀರು ಹಾಯಿಸಿ, ಗೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿದ ಬೆಳೆ ಅದು. ಒಂದು ಮೂಟೆಯ ಬೆಲೆಯೇ ಸಾವಿರಾರು ರೂಪಾಯಿ. ಇಂತಹ ಒಂದು ಕಣದಿಂದ ಒಂದು ರಾತ್ರಿ ಆರು ಮೂಟೆ ಅಡಕೆ ಕಳುವಾಯಿತೆಂದು ಇಟ್ಟುಕೊಳ್ಳಬಹುದು. ಈ ಪ್ರಸಂಗ ಕಲ್ಪಿತವಾದುದು. ಆದರೆ ಇಂತಹ ಮೊಕದ್ದಮೆಗಳು ತಾಲ್ಲೂಕಿನ ನ್ಯಾಯಾಲಯಗಳಿಗೆ ಹೊಸತಲ್ಲ.

ಕೊಯ್ಲಿನ ಕೆಲಸಕ್ಕಾಗಿ ಜಗಳೂರು ಕಡೆಯಿಂದ ಬಂದಿದ್ದ ಕೂಲಿಯಾಳೊಬ್ಬನು ಮರುದಿನ ಬೆಳಗಾಗುವುದರೊಳಗೆ ಯಾರಿಗೂ ಹೇಳದೆ ಹೊರಟುಹೋಗಿದ್ದನು. ಜಗಳೂರು ಮಳೆ ಕಡಿಮೆಯಾದ ನಾಡು. ಅಲ್ಲಿನವರು ದುಡಿಮೆಯನ್ನರಸಿ ತೋಟದ ಸೀಮೆಗೆ ಬರುವುದರಲ್ಲಿ ವಿಶೇಷವೇನೂ ಇಲ್ಲ. ಆದರೆ ಕಳವು ನಡೆದ ರಾತ್ರಿಯೇ ಅವನು ಹೊರಟದ್ದು ಎಲ್ಲರ ಕಣ್ಣಿಗೂ ಬಿದ್ದಿತು. ಪೊಲೀಸರು ಅವನ ಊರಿಗೆ ಹೋಗಿ ಹುಡುಕಿದಾಗ ಮನೆಯಲ್ಲಿ ಎಂಟು ಸಾವಿರ ರೂಪಾಯಿ ಸಿಕ್ಕಿತು. ಅಂದು ರಾತ್ರಿ ಹೊನ್ನಾಳಿಯ ನಿಲ್ದಾಣದ ಬಳಿ ಮೂಟೆಗಳೊಡನೆ ನಿಂತಿದ್ದ ಅವನನ್ನು ಬಸ್ಸಿನಿಂದ ನೋಡಿದೆನೆಂದು ಒಬ್ಬನು ಹೇಳಿದನು. ಕಣದ ಯಜಮಾನನ ಗುರುತು ಇದ್ದ ಎರಡು ಖಾಲಿ ಚೀಲಗಳು ನ್ಯಾಮತಿಯ ವ್ಯಾಪಾರಿಯೊಬ್ಬನ ಅಂಗಡಿಯಲ್ಲಿ ದೊರೆತವು. ಠಾಣೆಯಲ್ಲಿ ವಿಚಾರಿಸಿದಾಗ ಆಳು, "ಹೌದು, ನಾನೇ ಕದ್ದೆ" ಎಂದನಂತೆ.

ಊರಿನವರ ಪಾಲಿಗೆ ಮೊಕದ್ದಮೆ ಅಲ್ಲಿಗೇ ಮುಗಿಯಿತು. ನ್ಯಾಯಾಧೀಶರ ಪಾಲಿಗೆ ಅದು ಅಲ್ಲಿಂದಲೇ ಆರಂಭವಾಗುತ್ತದೆ.

ನ್ಯಾಯಾಲಯದಲ್ಲಿ ಒಂದೊಂದು ಎಳೆಯನ್ನೂ ಬಿಡಿಸಿ ನೋಡುವಾಗ ಬೇರೊಂದು ಚಿತ್ರ ಮೂಡತೊಡಗಿತು. ಮಗುವಿಗೆ ಜ್ವರ ಹೆಚ್ಚಾಗಿದೆಯೆಂಬ ಸುದ್ದಿ ಬಂದುದರಿಂದ ಹೊರಟೆನೆಂದು ಆಪಾದಿತನು ಹೇಳಿದನು. ಮರುದಿನ ಮಧ್ಯಾಹ್ನದ ಆಸ್ಪತ್ರೆಯ ಚೀಟಿಯೂ ಇದ್ದಿತು. ರಾತ್ರಿ ಅವನು ಎಲ್ಲಿದ್ದನೆಂಬುದನ್ನು ಆ ಚೀಟಿ ಹೇಳಲಾರದು, ನಿಜ. ಎಂಟು ಸಾವಿರ ರೂಪಾಯಿ ಆರು ಮೂಟೆ ಅಡಕೆಯ ಬೆಲೆಗೆ ಬಹಳ ಕಡಿಮೆ. ಒಂದು ತಿಂಗಳ ಕೂಲಿಗೆ ಅದು ಹೆಚ್ಚೇನಲ್ಲ. ಹೊನ್ನಾಳಿಯ ಸಾಕ್ಷಿ ಅವನನ್ನು ಕಂಡದ್ದು ಚಲಿಸುವ ಬಸ್ಸಿನ ಕಿಟಕಿಯಿಂದ, ಬೀದಿದೀಪದ ಮಬ್ಬು ಬೆಳಕಿನಲ್ಲಿ. ಅದಕ್ಕೆ ಮೊದಲು ಅವನ ಪರಿಚಯವೂ ಇರಲಿಲ್ಲ. ಹೊನ್ನಾಳಿ, ನ್ಯಾಮತಿಗಳು ಇರುವ ದಿಕ್ಕು ಒಂದು, ಜಗಳೂರು ಇರುವ ದಿಕ್ಕು ಇನ್ನೊಂದು. ನ್ಯಾಮತಿಯ ವ್ಯಾಪಾರಿಗೋ ಅಡಕೆ ಮಾರಿದವನ ಮುಖ ನೆನಪಿರಲಿಲ್ಲ. ಹಾಗಾದರೆ ಠಾಣೆಯಲ್ಲಿ ಅವನು ಒಪ್ಪಿಕೊಂಡನೆಂಬ ಮಾತು? ಅದನ್ನು ನ್ಯಾಯಾಧೀಶರು ಗಣನೆಗೇ ತೆಗೆದುಕೊಳ್ಳುವಂತಿಲ್ಲ.

ಕೊನೆಯ ಈ ಮಾತು ಓದುಗರಿಗೆ ವಿಚಿತ್ರವಾಗಿ ತೋರಬಹುದು. ತಾನೇ ಕದ್ದೆನೆಂದು ಹೇಳಿದವನ ಮಾತಿಗಿಂತ ದೊಡ್ಡ ಸಾಕ್ಷ್ಯ ಯಾವುದು? ಆದರೆ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುವಾತಾಗಿ ಬಳಸಕೂಡದೆಂದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮವೇ ವಿಧಿಸಿತ್ತು. ಆ ಕಾಯಿದೆಯ ಸ್ಥಾನದಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಕೂಡ ಈ ನಿಯಮವನ್ನು ಉಳಿಸಿಕೊಂಡಿದೆ. ಠಾಣೆಯ ನಾಲ್ಕು ಗೋಡೆಗಳ ನಡುವೆ ಹೆದರಿದ ಮನುಷ್ಯ ಏನನ್ನಾದರೂ ಹೇಳಿಯಾನು ಎಂಬ ಅನುಭವವೇ ಇದರ ಹಿಂದಿದೆ. ಅವನ ಮಾತಿನಿಂದ ಹೊಸದೊಂದು ಸಂಗತಿ ಬೆಳಕಿಗೆ ಬಂದರೆ, ಉದಾಹರಣೆಗೆ ಅವನು ತೋರಿಸಿದ ಹಾಳುಬಾವಿಯಲ್ಲಿ ಅಡಕೆಯ ಮೂಟೆ ದೊರೆತರೆ, ಅದಕ್ಕೆ ಸಂಬಂಧಿಸಿದಷ್ಟು ಮಾತು ಮಾತ್ರ ಸಾಕ್ಷ್ಯವಾಗುತ್ತದೆ. ನಮ್ಮ ಸಂವಿಧಾನದ 20ನೆಯ ಅನುಚ್ಛೇದವು, ಯಾವ ಆಪಾದಿತನನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲಾತ್ಕರಿಸಬಾರದೆಂದು ಹೇಳುತ್ತದೆ.

ಇಷ್ಟನ್ನೆಲ್ಲ ತೂಗಿ ನೋಡಿದ ನ್ಯಾಯಾಧೀಶರ ಮನಸ್ಸಿನಲ್ಲಿ ಏನು ಉಳಿಯಿತು? ಆಳು ಕಳ್ಳನಲ್ಲವೆಂದು ಖಚಿತವಾಗಲಿಲ್ಲ; ಕಳ್ಳನೆಂದೂ ಖಚಿತವಾಗಲಿಲ್ಲ. ಜಮೀನಿನ ಹದ್ದುಬಸ್ತು, ಸಾಲದ ಲೇವಾದೇವಿ ಮೊದಲಾದ ಸಿವಿಲ್ ವ್ಯಾಜ್ಯಗಳಲ್ಲಿ ತಕ್ಕಡಿಯ ಯಾವ ತಟ್ಟೆ ಸ್ವಲ್ಪ ಕೆಳಗಿಳಿದಿದೆಯೋ ಆ ಪಕ್ಷಕ್ಕೆ ತೀರ್ಪು ದೊರೆಯುತ್ತದೆ. ಅಪರಾಧದ ಮೊಕದ್ದಮೆಯಲ್ಲಿ ಅಷ್ಟು ಸಾಲದು. ಅಲ್ಲಿ ಆಪಾದಿತನು ನಿರಪರಾಧಿಯೆಂಬ ಭಾವನೆಯಿಂದಲೇ ವಿಚಾರಣೆ ಆರಂಭವಾಗುತ್ತದೆ. ಅವನು ತಪ್ಪಿತಸ್ಥನೆಂದು ಸಿದ್ಧಪಡಿಸುವ ಭಾರ ಸರ್ಕಾರದ ಪಕ್ಷದ ಮೇಲಿರುತ್ತದೆ. ಆ ಸಿದ್ಧತೆ ಎಷ್ಟು ಗಟ್ಟಿಯಾಗಿರಬೇಕೆಂದರೆ ವಿವೇಕಿಯಾದವನ ಮನಸ್ಸಿನಲ್ಲಿ ಯುಕ್ತವಾದ ಯಾವ ಸಂಶಯವೂ ಉಳಿಯಬಾರದು. ಸಂಶಯ ಉಳಿದರೆ ಅದರ ಲಾಭ ಆಪಾದಿತನಿಗೆ ಸಲ್ಲುತ್ತದೆ. ಆಳು ಬಿಡುಗಡೆಯಾದನು.

ಕಣದ ಯಜಮಾನನಿಗೆ ಇದು ಅನ್ಯಾಯವೆಂದೇ ತೋರಿರಬೇಕು. ಅವನ ದುಃಖವನ್ನು ಹಗುರವಾಗಿ ಕಾಣಲಾಗದು. ಅವನ ಒಂದು ವರ್ಷದ ಬೆವರು ಹೋಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ. ಶಿಕ್ಷೆಗೆ ಅರ್ಹನಾದವನು ತಪ್ಪಿಸಿಕೊಂಡರೆ ಅವನು ಇನ್ನೊಂದು ಕಣಕ್ಕೆ ನುಗ್ಗಿಯಾನು. ಅವನನ್ನು ಕಂಡು ಮತ್ತೊಬ್ಬನಿಗೆ ಧೈರ್ಯ ಬಂದೀತು. ಹೀಗಿರುವಾಗ ಅಪರಾಧಿಯೊಬ್ಬನು ಪಾರಾದರೂ ಸರಿ, ನಿರಪರಾಧಿಗೆ ಶಿಕ್ಷೆಯಾಗಬಾರದೆಂದು ನ್ಯಾಯಶಾಸ್ತ್ರ ಹಠ ಹಿಡಿಯುವುದೇಕೆ?

ಈ ಪ್ರಶ್ನೆ ಬಹಳ ಹಳೆಯದು. ಮಹಾಭಾರತದಲ್ಲಿ ಬರುವ ಮಾಂಡವ್ಯ ಋಷಿಯ ಕಥೆ ಅನೇಕರಿಗೆ ಗೊತ್ತಿದೆ. ಋಷಿಯು ಮೌನವ್ರತದಲ್ಲಿದ್ದಾಗ ಕಳ್ಳರು ಕದ್ದ ಮಾಲಿನೊಡನೆ ಅವನ ಆಶ್ರಮದಲ್ಲಿ ಅಡಗಿಕೊಂಡರು. ಬೆನ್ನಟ್ಟಿ ಬಂದ ರಾಜಭಟರು ಕೇಳಿದ ಪ್ರಶ್ನೆಗೆ ಅವನು ಉತ್ತರ ಕೊಡಲಿಲ್ಲ. ಮಾಲೂ ಕಳ್ಳರೂ ಆಶ್ರಮದಲ್ಲಿಯೇ ದೊರೆತುದರಿಂದ ಕಳ್ಳರೊಡನೆ ಅವನನ್ನೂ ಹಿಡಿದೊಯ್ದರು. ಅರಸನು ಶೂಲಕ್ಕೇರಿಸುವಂತೆ ಆಜ್ಞಾಪಿಸಿದನು. ತಪೋಬಲದಿಂದ ಋಷಿಯ ಪ್ರಾಣ ಹೋಗಲಿಲ್ಲ. ಸತ್ಯ ತಿಳಿದ ಅರಸನು ಬಂದು ಕಾಲಿಗೆ ಬಿದ್ದು ಬೇಡಿಕೊಂಡನು. ಆದರೆ ಶೂಲವನ್ನು ಹೊರತೆಗೆಯಲು ಸಾಧ್ಯವಾಗಲಿಲ್ಲ, ಅದನ್ನು ತುಂಡರಿಸಬೇಕಾಯಿತು. ಒಳಗೆ ಉಳಿದ ಮೊನೆಯೊಡನೆಯೇ ಅವನು ಬಾಳಿದನು, ಅಣಿಮಾಂಡವ್ಯನೆನಿಸಿಕೊಂಡನು. ತಪ್ಪು ತೀರ್ಪನ್ನು ಹಿಂದಕ್ಕೆ ಪಡೆದರೂ ಅದರ ಮೊನೆ ಮೈಯೊಳಗೆ ಉಳಿದೇ ಇರುತ್ತದೆಯೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಮೌನವೇ ಸಮ್ಮತಿಯ ಲಕ್ಷಣವೆಂಬ ಗಾದೆ ಮದುವೆಯ ಮಾತುಕತೆಗೆ ಒಪ್ಪೀತು, ನ್ಯಾಯಸ್ಥಾನಕ್ಕೆ ಒಪ್ಪುವುದಿಲ್ಲ.

ಸಾಕ್ಷ್ಯ ಸಾಲದೆ ಹೋದಾಗ ಏನು ಮಾಡಬೇಕೆಂಬ ಚಿಂತೆ ಕನ್ನಡ ನಾಡಿನಲ್ಲಿ ಬೆಳೆದ ಧರ್ಮಶಾಸ್ತ್ರವನ್ನೂ ಕಾಡಿತ್ತು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಭಾರತದ ಬಹುಭಾಗದಲ್ಲಿ ಪ್ರಮಾಣಗ್ರಂಥವಾಯಿತು. ಲಿಖಿತ, ಭುಕ್ತಿ, ಸಾಕ್ಷಿಗಳೆಂಬ ಮಾನುಷ ಪ್ರಮಾಣಗಳು ಇಲ್ಲದಿದ್ದಾಗ ದಿವ್ಯಕ್ಕೆ ಮೊರೆಹೋಗಬಹುದೆಂದು ಆ ಪರಂಪರೆ ಹೇಳುತ್ತದೆ. ತುಲೆ, ಅಗ್ನಿ, ಜಲ, ವಿಷ, ಕೋಶ ಎಂದು ದಿವ್ಯಗಳು ಐದು. ತುಲಾದಿವ್ಯದಲ್ಲಿ ಆಪಾದಿತನನ್ನು ತಕ್ಕಡಿಯಲ್ಲಿ ಒಮ್ಮೆ ತೂಗಿ, ಮಂತ್ರೋಕ್ತವಾಗಿ ಪ್ರಾರ್ಥಿಸಿ, ಮತ್ತೊಮ್ಮೆ ತೂಗುತ್ತಿದ್ದರು. ಹಗುರವಾದರೆ ಶುದ್ಧನೆಂದು ಭಾವನೆ. ಸಂಶಯವನ್ನು ಹೊರಲಾರದ ಮನುಷ್ಯ ಅದನ್ನು ದೇವರ ಹೆಗಲಿಗೆ ವರ್ಗಾಯಿಸಿದ ಬಗೆ ಇದು. ಇಂದಿನ ನ್ಯಾಯಾಧೀಶರಿಗೆ ಆ ಅನುಕೂಲವಿಲ್ಲ. ಸಂಶಯವನ್ನು ಅವರೇ ಹೊರಬೇಕು.

ಎಷ್ಟು ಅಪರಾಧಿಗಳು ತಪ್ಪಿಸಿಕೊಂಡರೆ ಒಬ್ಬ ನಿರಪರಾಧಿಯ ರಕ್ಷಣೆಗೆ ಸಮವಾದೀತೆಂದು ಲೆಕ್ಕ ಹಾಕಿದವರೂ ಉಂಟು. ಹದಿನೆಂಟನೆಯ ಶತಮಾನದ ಆಂಗ್ಲ ನ್ಯಾಯಶಾಸ್ತ್ರಜ್ಞ ವಿಲಿಯಂ ಬ್ಲ್ಯಾಕ್‌ಸ್ಟನ್ ಹತ್ತು ಎಂದನು. ಅವನಿಗೆ ಸುಮಾರು ಮುನ್ನೂರು ವರ್ಷ ಮೊದಲು ಜಾನ್ ಫೋರ್ಟೆಸ್ಕ್ಯೂ ಇಪ್ಪತ್ತು ಎಂದಿದ್ದನು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1785ರಲ್ಲಿ ಬರೆದ ಪತ್ರವೊಂದರಲ್ಲಿ ಅದನ್ನು ನೂರಕ್ಕೆ ಏರಿಸಿದನು. ಹನ್ನೆರಡನೆಯ ಶತಮಾನದ ಯೆಹೂದಿ ಪಂಡಿತ ಮೈಮೋನಿಡಿಸ್ ಸಾವಿರವೆಂದು ಹೇಳಿದ್ದನು. ಸಂತೆಯ ಚೌಕಾಸಿಯಂತೆ ಕಾಣುವ ಈ ಅಂಕಿಗಳಿಗೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ. ಇವರೆಲ್ಲರೂ ಎರಡು ತಟ್ಟೆಗಳಲ್ಲಿ ಎರಡು ಬೇರೆ ಬೇರೆ ತಪ್ಪುಗಳನ್ನು ಇಟ್ಟು ತೂಗಿದರು. ವಾಸ್ತವದಲ್ಲಿ ಅವು ಅಷ್ಟು ಬೇರೆಯಾಗಿಲ್ಲ. ಕಳವು ನಡೆದದ್ದು ನಿಜವಾಗಿದ್ದು, ಕದಿಯದವನಿಗೆ ಶಿಕ್ಷೆಯಾದರೆ, ಕದ್ದವನು ಆ ತೀರ್ಪಿನಿಂದಲೇ ಪಾರಾಗುತ್ತಾನೆ. ಅಪರಾಧಿಯನ್ನು ಬಿಟ್ಟ ತಪ್ಪು ಒಂದೇ ತಪ್ಪು. ನಿರಪರಾಧಿಯನ್ನು ದಂಡಿಸಿದ ತಪ್ಪಿನ ಹೊಟ್ಟೆಯಲ್ಲಿ ಅಪರಾಧಿಯನ್ನು ಬಿಟ್ಟ ತಪ್ಪೂ ಅಡಗಿರುತ್ತದೆ.

ಚನ್ನಗಿರಿಯ ಕಲ್ಪಿತ ಪ್ರಸಂಗಕ್ಕೇ ಇದನ್ನು ಅನ್ವಯಿಸಿ ನೋಡಬಹುದು. ಕೂಲಿಯಾಳಿಗೆ ಶಿಕ್ಷೆಯಾಗಿದ್ದರೆ ಕಡತ ಮುಚ್ಚಿಹೋಗುತ್ತಿತ್ತು. ನ್ಯಾಮತಿಯ ಅಂಗಡಿಗೆ ಅಡಕೆ ತಂದವನು ಯಾರು, ಆರು ಮೂಟೆಗಳನ್ನು ಯಾವ ವಾಹನದಲ್ಲಿ ಸಾಗಿಸಿದರು, ಉಳಿದ ನಾಲ್ಕು ಮೂಟೆ ಎಲ್ಲಿ ಹೋದವು ಎಂದು ಕೇಳುವವರೇ ಇರುತ್ತಿರಲಿಲ್ಲ. ಒಬ್ಬ ಮನುಷ್ಯ ಆರು ಮೂಟೆಗಳನ್ನು ಒಂಟಿಯಾಗಿ ಬಸ್ಸಿನಲ್ಲಿ ಒಯ್ದನೆಂಬ ಕಥೆಯನ್ನು ಊರು ನಂಬಿಕೊಂಡಿರುತ್ತಿತ್ತು.

ಶಿಕ್ಷೆ ಸಣ್ಣದಾಗಿದ್ದರೆ ತಪ್ಪೂ ಸಣ್ಣದೆಂದು ಕೆಲವರು ಭಾವಿಸಿಯಾರು. ಪ್ರಥಮ ದರ್ಜೆಯ ಮ್ಯಾಜಿಸ್ಟ್ರೇಟರು ವಿಧಿಸಬಹುದಾದ ಸೆರೆವಾಸ ಹೆಚ್ಚೆಂದರೆ ಮೂರು ವರ್ಷ. ಕೊಲೆಯಂತಹ ಘೋರ ಅಪರಾಧಗಳು ಜಿಲ್ಲೆಯ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತವೆ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವ ಮೊದಲು ಚನ್ನಗಿರಿ, ಹೊನ್ನಾಳಿಗಳವರು ಶಿವಮೊಗ್ಗಕ್ಕೂ ಜಗಳೂರಿನವರು ಚಿತ್ರದುರ್ಗಕ್ಕೂ ಇದಕ್ಕಾಗಿ ಹೋಗಬೇಕಾಗಿತ್ತು. ಅಲ್ಲಿನ ತೀರ್ಪಿನ ಮೇಲೆ ಉಚ್ಚ ನ್ಯಾಯಾಲಯವುಂಟು, ಅದರ ಮೇಲೆ ಸರ್ವೋಚ್ಚ ನ್ಯಾಯಾಲಯವುಂಟು. ಮರಣದಂಡನೆಯಂತೂ ಉಚ್ಚ ನ್ಯಾಯಾಲಯ ದೃಢಪಡಿಸದೆ ಜಾರಿಯಾಗದು. ಇಷ್ಟು ಮೆಟ್ಟಿಲುಗಳಿದ್ದರೂ ತಪ್ಪು ನಡೆದುಹೋಗುವುದುಂಟು. ಮೆಟ್ಟಿಲು ಹತ್ತುವಷ್ಟರಲ್ಲಿ ಆಯುಷ್ಯ ಕಳೆಯುವುದೂ ಉಂಟು.

1993ರ ಡಿಸೆಂಬರಿನಲ್ಲಿ ಕೆಲವು ರೈಲುಗಳಲ್ಲಿ ಬಾಂಬು ಸ್ಫೋಟಗಳಾದವು. ಮರುತಿಂಗಳು, ಅಂದರೆ 1994ರ ಜನವರಿಯಲ್ಲಿ, ಅಂದು ಗುಲ್ಬರ್ಗವೆನಿಸಿಕೊಂಡಿದ್ದ ಕಲಬುರಗಿಯ ಒಬ್ಬ ಕಾಲೇಜು ವಿದ್ಯಾರ್ಥಿಯನ್ನು ಬಂಧಿಸಲಾಯಿತು. ಅವನ ಮೇಲೆ ಹೊರಿಸಿದ್ದು 'ಟಾಡಾ' ಎಂಬ ವಿಶೇಷ ಕಾಯಿದೆ. ಭಯೋತ್ಪಾದನೆಯನ್ನು ಅಡಗಿಸಲೆಂದು ಮಾಡಿದ ಆ ಕಾಯಿದೆ, ಹಿರಿಯ ಪೊಲೀಸ್ ಅಧಿಕಾರಿಗಳ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಲು ಅವಕಾಶ ಕೊಟ್ಟಿತ್ತು. 1872ರಿಂದ ಕಾಪಾಡಿಕೊಂಡು ಬಂದ ಗೋಡೆಯಲ್ಲಿ ಒಂದು ಬಾಗಿಲನ್ನು ತೆರೆದಂತಾಗಿತ್ತು. ಅಂತಹ ತಪ್ಪೊಪ್ಪಿಗೆಯ ಆಧಾರದ ಮೇಲೆ ವಿಶೇಷ ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 1995ರಲ್ಲಿ ಕಾಯಿದೆಯ ಅವಧಿಯೇ ಮುಗಿಯಿತು. ಅವನ ಸೆರೆವಾಸ ಮುಗಿಯಲಿಲ್ಲ. 2016ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತಪ್ಪೊಪ್ಪಿಗೆಯನ್ನು ತಳ್ಳಿಹಾಕಿ ಅವನನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ 22 ವರ್ಷಗಳಿಗೂ ಮಿಗಿಲಾದ ಕಾಲ ಕಳೆದುಹೋಗಿತ್ತು. ಒಳಗೆ ಹೋದಾಗ ಹುಡುಗನಾಗಿದ್ದವನು ಹೊರಗೆ ಬಂದಾಗ ನಲವತ್ತು ದಾಟಿದ್ದನು. ಹೀಗೆ ಅನ್ಯಾಯವಾಗಿ ಸೆರೆಯಲ್ಲಿ ಕೊಳೆತವರಿಗೆ ಪರಿಹಾರ ಕೊಡಲು ಸ್ಪಷ್ಟವಾದ ಕಾನೂನು ಬೇಕೆಂದು ಭಾರತದ ಕಾನೂನು ಆಯೋಗವು 2018ರ ತನ್ನ 277ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಹಣದಿಂದ ತುಂಬಿಕೊಡಲಾಗದ ನಷ್ಟವೆಂಬುದು ನಿಜ. ಹಾಗೆಂದು ಕೈಬಿಟ್ಟುಬಿಡುವುದು ಇನ್ನೂ ದೊಡ್ಡ ಅನ್ಯಾಯ.

ಇಷ್ಟರಿಂದ ಸಂಶಯದ ಲಾಭವೆಂಬ ತತ್ತ್ವಕ್ಕೆ ಮಿತಿಯೇ ಇಲ್ಲವೆಂದು ತಿಳಿಯಬಾರದು. 1973ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಎರಡು ತೀರ್ಪುಗಳು ಹೊರಬಿದ್ದವು. ಕಾಳೀರಾಮನ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು, ಅಪರಾಧಿಯ ಬಿಡುಗಡೆಯಿಂದ ಜನರ ವಿಶ್ವಾಸ ಕುಗ್ಗುವುದು ನಿಜವಾದರೂ ನಿರಪರಾಧಿಯ ಶಿಕ್ಷೆ ಅದಕ್ಕಿಂತ ಎಷ್ಟೋ ಪಾಲು ಕೆಟ್ಟದ್ದೆಂದು ಅಭಿಪ್ರಾಯಪಟ್ಟರು. ಅದೇ ವರ್ಷ ಶಿವಾಜಿ ಬೊಬಡೆ ಎಂಬವನ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಇನ್ನೊಂದು ಎಚ್ಚರಿಕೆ ಕೊಟ್ಟರು. ಕೂದಲು ಸೀಳುವಂತಹ ಪ್ರತಿಯೊಂದು ಅನುಮಾನಕ್ಕೂ ಮಣಿದು ಬಿಡುಗಡೆ ಮಾಡುತ್ತ ಹೋದರೆ ಕಾನೂನಿನ ಮೇಲೆ ಜನರಿಗೆ ತಿರಸ್ಕಾರ ಹುಟ್ಟುತ್ತದೆ. ಆಗ ಅವರೇ ಹೆಚ್ಚು ಕಠೋರವಾದ ಕಾಯಿದೆಗಳನ್ನು ಬೇಡತೊಡಗುತ್ತಾರೆ ಎಂಬುದು ಅವರ ಮಾತಿನ ಸಾರ. ಈ ಎರಡು ತೀರ್ಪುಗಳು ಒಂದಕ್ಕೊಂದು ವಿರುದ್ಧವಲ್ಲ. ಸಂಶಯವು ಯುಕ್ತವಾಗಿರಬೇಕೆಂಬ ಮಾತಿನ ಎರಡು ಮುಖಗಳಿವು.

ಬಿಡುಗಡೆಯ ನೋವು ಎಷ್ಟು ದೊಡ್ಡದಾಗಬಹುದೆಂಬುದಕ್ಕೆ ಕರ್ನಾಟಕದಲ್ಲಿಯೇ ಉದಾಹರಣೆಯಿದೆ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ ಆಗ ಕೋಲಾರ ಜಿಲ್ಲೆಗೆ ಸೇರಿತ್ತು. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರು ಬೆಂಕಿಗೆ ಆಹುತಿಯಾದರು. ವಿಚಾರಣೆಯಲ್ಲಿ ಸಾಕ್ಷಿಗಳು ತಮ್ಮ ಮೊದಲಿನ ಹೇಳಿಕೆಗೆ ತಿರುಗಿಬಿದ್ದರು. 2006ರಲ್ಲಿ ಆಪಾದಿತರೆಲ್ಲರೂ ಬಿಡುಗಡೆಯಾದರು. 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಏಳು ಜೀವಗಳು ಸುಟ್ಟುಹೋದದ್ದು ಸತ್ಯ. ಅದಕ್ಕೆ ಹೊಣೆಯಾದವರು ಯಾರೆಂದು ನ್ಯಾಯಾಲಯದಲ್ಲಿ ಸಿದ್ಧವಾಗಲಿಲ್ಲ. ಆದರೆ ಇಲ್ಲಿ ಸೋತದ್ದು ಸಂಶಯದ ಲಾಭವೆಂಬ ತತ್ತ್ವವೇ? ನಿರ್ಭಯವಾಗಿ ಬಂದು ಸಾಕ್ಷಿ ಹೇಳುವ ಸ್ಥಿತಿ ಇರದ ಕಡೆ ಎಂತಹ ತತ್ತ್ವವಿದ್ದರೂ ತೀರ್ಪು ಟೊಳ್ಳಾಗುತ್ತದೆ. ಸಾಕ್ಷ್ಯದ ಮಟ್ಟವನ್ನು ತಗ್ಗಿಸಿದ್ದರೆ ಸತ್ತವರಿಗೆ ನ್ಯಾಯ ಸಿಗುತ್ತಿರಲಿಲ್ಲ. ಯಾರೋ ಕೆಲವರಿಗೆ ಶಿಕ್ಷೆ ಸಿಗುತ್ತಿತ್ತು. ಸಾಕ್ಷಿಗಳಿಗೆ ರಕ್ಷಣೆ ಕೊಡುವ ಯೋಜನೆಯೊಂದಕ್ಕೆ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಒಪ್ಪಿಗೆಯಿತ್ತಿತು. ಬೇಗ ಬರಬೇಕಾಗಿದ್ದ ಯೋಜನೆ ಅದು.

ತನಿಖೆ ದಾರಿ ತಪ್ಪಿದರೆ ಏನಾಗುವುದೆಂಬುದಕ್ಕೆ ಇನ್ನೂ ಹತ್ತಿರದ ಘಟನೆಯೊಂದಿದೆ. ಕೊಡಗಿನ ಕುಶಾಲನಗರದ ಬಳಿಯ ಗಿರಿಜನ ಸಮುದಾಯದ ಕೂಲಿಕಾರನೊಬ್ಬನ ಹೆಂಡತಿ 2020ರಲ್ಲಿ ಕಾಣೆಯಾದಳು. ಅವನೇ ಠಾಣೆಗೆ ಹೋಗಿ ದೂರು ಕೊಟ್ಟನು. ಮುಂದೆ ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ದೊರೆತ ಒಂದು ಅಸ್ಥಿಪಂಜರ ಅವಳದೇ ಎಂದು ಪೊಲೀಸರು ನಿರ್ಣಯಿಸಿದರು. ಕೊಂದವನು ಗಂಡನೆಂದು ದೋಷಾರೋಪಣೆ ಸಲ್ಲಿಸಿದರು. ಅಸ್ಥಿಯ ಡಿ. ಎನ್. ಎ. ಕಾಣೆಯಾದವಳ ತಾಯಿಯ ರಕ್ತದ ಮಾದರಿಯೊಡನೆ ಹೊಂದಲಿಲ್ಲ. ಆದರೂ ಮೊಕದ್ದಮೆ ನಡೆಯುತ್ತಲೇ ಹೋಯಿತು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅವನು ಸೆರೆಮನೆಯಲ್ಲಿದ್ದನು.

2025ರ ಏಪ್ರಿಲ್ 1ರಂದು ಅವನ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಪರಿಚಿತರ ಕಣ್ಣಿಗೆ ಬಿದ್ದಳು. ಅವಳನ್ನು ಮೈಸೂರಿನ ಸೆಷನ್ಸ್ ನ್ಯಾಯಾಲಯದ ಮುಂದೆ ಹಾಜರುಪಡಿಸಲಾಯಿತು. ಯಾರನ್ನು ಕೊಂದನೆಂದು ಗಂಡನ ಮೇಲೆ ವಿಚಾರಣೆ ನಡೆದಿತ್ತೋ ಅವಳೇ ನ್ಯಾಯಾಧೀಶರ ಎದುರು ನಿಂತಳು. ಅದೇ ತಿಂಗಳಿನಲ್ಲಿ ನ್ಯಾಯಾಲಯ ಅವನನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ತನಿಖೆ ನಡೆಸಿದ ಅಧಿಕಾರಿಗಳ ಮೇಲೆ ಕ್ರಮ ಜರುಗಿಸಬೇಕೆಂದೂ ಆಜ್ಞಾಪಿಸಿತು.

ಈ ಸುದ್ದಿಯನ್ನು ಓದಿದವರೆಲ್ಲರೂ ಆ ಗಂಡನಿಗಾಗಿ ಮರುಗಿದರು. ಆದರೆ ಬೆಟ್ಟದಪುರದಲ್ಲಿ ದೊರೆತದ್ದು ಒಂದು ಮನುಷ್ಯದೇಹದ ಮೂಳೆಗಳು. ಅವಳನ್ನೂ ಯಾರೋ ಹೆತ್ತಿದ್ದರು, ಯಾರೋ ಹುಡುಕಿರಬೇಕು. ಅವಳು ಹೇಗೆ ಸತ್ತಳು, ಯಾರಾದರೂ ಕೊಂದರೇ ಎಂದು ಕೇಳಬೇಕಾಗಿದ್ದ ಕಾಲದಲ್ಲಿ ಬೇರೊಬ್ಬಳ ಹೆಸರನ್ನು ಆ ಮೂಳೆಗಳಿಗೆ ಕಟ್ಟಿ, ಬೇರೊಬ್ಬನನ್ನು ಸೆರೆಯಲ್ಲಿಟ್ಟು, ವರ್ಷಗಳು ಉರುಳಿದವು. ಕೂಲಿಕಾರನು ಬಿಡುಗಡೆಯಾಗಿ ಊರಿಗೆ ಹಿಂದಿರುಗಿದ ದಿನ ಆ ಕಡತದಲ್ಲಿ ಅವಳ ಹೆಸರೇ ಇರಲಿಲ್ಲ.